ಮೊಮ್ಮಗ ಕೇಳಿದ ಪ್ರಶ್ನೆ

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಒಂದು ಮುಂಜಾನೆ, ಎಪ್ಪತ್ತು ವರ್ಷ ದಾಟಿದ ಶ್ರಾವಿಕೆಯೊಬ್ಬರು ಕಂಚಿನ ವಿಗ್ರಹವೊಂದರ ಎದುರು ನಿಂತು ಪಾದರಕ್ಷೆಗಳನ್ನು ಕಳಚಿ ಬದಿಗಿಟ್ಟರು. ಕೈ ಜೋಡಿಸಿ ಕಣ್ಣು ಮುಚ್ಚಿ ಮೆಲುದನಿಯಲ್ಲಿ ಣಮೋಕಾರ ಮಂತ್ರವನ್ನು ಜಪಿಸತೊಡಗಿದರು. ಜೊತೆಯಲ್ಲಿದ್ದ ಹದಿಮೂರು ವರ್ಷದ ಮೊಮ್ಮಗನಿಗೆ ಸಂಕೋಚವಾಯಿತು. ಸುತ್ತಮುತ್ತ ಪ್ರವಾಸಿಗರು ಓಡಾಡುತ್ತಿದ್ದರು.

"ಅಜ್ಜಿ, ಚಪ್ಪಲಿ ಯಾಕೆ ತೆಗೆದದ್ದು? ಇದು ಬಸದಿ ಅಲ್ಲ, ಮ್ಯೂಸಿಯಂ" ಎಂದು ಅವನು ಪಿಸುಗುಟ್ಟಿದ.

"ಬಸದಿ ಅಲ್ಲ ಅಂತ ನನಗೂ ಗೊತ್ತುಂಟು ಮಗಾ. ಆದರೆ ಇಲ್ಲಿ ನಿಂತದ್ದು ಬಾಹುಬಲಿ ಸ್ವಾಮಿ ಅಲ್ಲವಾ?" ಎಂದರು ಅಜ್ಜಿ.

ಕಾವಲಿಗೆ ನಿಂತಿದ್ದ ಸಿಬ್ಬಂದಿಯೊಬ್ಬರು ಇದನ್ನು ನೋಡಿದರು. ಏನೂ ಹೇಳದೆ ಎರಡು ಹೆಜ್ಜೆ ಹಿಂದೆ ಸರಿದು ಆ ವೃದ್ಧೆಗೆ ಸ್ಥಳ ಬಿಟ್ಟರು.

ಆ ಶ್ರಾವಿಕೆ ತುಳುನಾಡಿನ ಒಂದು ಹಳ್ಳಿಯವರು. ಮದುವೆಯಾಗಿ ಬಂದ ದಿನದಿಂದ ಊರಿನ ಬಸದಿಯ ಸೇವೆಯಲ್ಲೇ ಬಾಳನ್ನು ಸವೆಸಿದವರು. ಪತಿಯ ವಿಯೋಗದ ಅನಂತರ ಎರಡು ತಿಂಗಳು ಮಗನ ಮನೆಯಲ್ಲಿರಲೆಂದು ಮುಂಬಯಿಗೆ ಬಂದಿದ್ದರು. ಮೊಮ್ಮಗನ ಶಾಲೆಗೆ ರಜೆಯಿದ್ದ ದಿನ ಅವನೇ ಅಜ್ಜಿಯನ್ನು ಊರು ತೋರಿಸಲು ಕರೆತಂದಿದ್ದನು. ಆದರೆ ಆ ದಿನ ಯಾರು ಯಾರಿಗೆ ಏನನ್ನು ತೋರಿಸಿದರೆಂಬುದನ್ನು ಹೇಳುವುದು ಸುಲಭವಲ್ಲ.

ಅವರೆದುರಿಗಿದ್ದ ಬಾಹುಬಲಿಯ ವಿಗ್ರಹ ಅರ್ಧ ಮೀಟರಿನಷ್ಟು ಎತ್ತರದ್ದು. ಅದರ ಮೂಲಸ್ಥಾನ ಶ್ರವಣಬೆಳಗೊಳವೆಂದು ನಮೂದಾಗಿದೆ. ವಿದ್ವಾಂಸರು ಅದನ್ನು ಕ್ರಿ.ಶ. 8–9ನೆಯ ಶತಮಾನದ್ದೆಂದು ಗುರುತಿಸುತ್ತಾರೆ. ಚಾವುಂಡರಾಯನು ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನ ಮಹಾಮೂರ್ತಿಯನ್ನು ನಿಲ್ಲಿಸಿದುದು 981ರಲ್ಲಿ. ಅಂದರೆ ಆ ಬೆಟ್ಟದ ಬಂಡೆ ಇನ್ನೂ ಬಂಡೆಯಾಗಿಯೇ ಇದ್ದ ಕಾಲದಲ್ಲಿ ಕನ್ನಡ ನಾಡಿನ ಒಬ್ಬ ಎರಕದ ಶಿಲ್ಪಿ ಈ ಪುಟ್ಟ ಮೂರ್ತಿಯನ್ನು ರೂಪಿಸಿದ್ದನು. ಹಿಂದಕ್ಕೆ ಬಾಚಿದ ಕೇಶರಾಶಿ, ಹೆಗಲ ಮೇಲೆ ಇಳಿದ ಕುರುಳುಗಳು, ನೀಳವಾದ ತೋಳುಗಳು, ಕಾಲುಗಳಿಂದ ಮೇಲೇರಿ ತೋಳುಗಳನ್ನು ಬಳಸಿದ ಬಳ್ಳಿ: ಎಲ್ಲವೂ ಶಾಂತವಾದ ಕಾಯೋತ್ಸರ್ಗದಲ್ಲಿ ಲೀನವಾಗಿವೆ. ಜೈನ ಮೂರ್ತಿಶಿಲ್ಪವನ್ನು ಆಳವಾಗಿ ಅಭ್ಯಸಿಸಿದ ಯು. ಪಿ. ಶಾಹ ಅವರು 1950ರ ದಶಕದಲ್ಲಿಯೇ ಈ ಸಂಗ್ರಹಾಲಯದ ಪತ್ರಿಕೆಯಲ್ಲಿ ಇದನ್ನು ಕುರಿತು ವಿಶೇಷ ಲೇಖನವನ್ನು ಬರೆದಿದ್ದರು.

ಬಾಲಕನು ಫಲಕವನ್ನು ಓದಿ ಹೆಸರು, ಊರು, ಕಾಲಗಳನ್ನು ಅಜ್ಜಿಗೆ ತಿಳಿಸಿದನು. ಅವು ಅಜ್ಜಿಗೆ ತಿಳಿಯದ ಸಂಗತಿಗಳು. ಅನಂತರ ಅವನು, "ಕಾಲಿಗೆ ಹಗ್ಗ ಯಾಕೆ ಸುತ್ತಿದ್ದಾರೆ?" ಎಂದು ಕೇಳಿದನು. ಫಲಕದಲ್ಲಿ ಅದಕ್ಕೆ ಉತ್ತರ ಸಿಕ್ಕಿರಲಿಲ್ಲ, ಅಜ್ಜಿಯಲ್ಲಿ ಇತ್ತು.

ಅಲ್ಲಿಯೇ ಬದಿಯ ಆಸನದಲ್ಲಿ ಕುಳಿತು ಅವರು ಕಥೆಯನ್ನು ಹೇಳಿದರು. ಭರತ ಬಾಹುಬಲಿಗಳು ಒಂದೇ ತಂದೆಯ ಮಕ್ಕಳು. ಸೇನೆಗಳ ರಕ್ತಪಾತವನ್ನು ತಪ್ಪಿಸಲು ಅಣ್ಣ ತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಎದುರಾದುದು, ಮೂರರಲ್ಲಿಯೂ ಗೆದ್ದ ತಮ್ಮನು ಗೆಲುವಿನ ಕ್ಷಣದಲ್ಲಿಯೇ ರಾಜ್ಯವನ್ನು ತೊರೆದುದು, ಒಂದು ವರ್ಷ ಅಲುಗದೆ ನಿಂತ ದೇಹದ ಮೇಲೆ ಮಾಧವೀ ಲತೆ ಹಬ್ಬಿದುದು, ಎಲ್ಲವನ್ನೂ ಹೇಳಿದರು. ಇಷ್ಟು ಘೋರ ತಪಸ್ಸಿನಲ್ಲಿಯೂ, ತಾನು ನಿಂತ ನೆಲ ಅಣ್ಣನದೆಂಬ ಒಂದು ಸಣ್ಣ ಮುಳ್ಳು ಅವನ ಮನಸ್ಸಿನಲ್ಲಿ ಉಳಿದಿತ್ತೆಂದೂ, ಭರತನೇ ಬಂದು ವಂದಿಸಿದಾಗ ಆ ಮುಳ್ಳು ಕಳಚಿ ಕೇವಲಜ್ಞಾನ ಉದಯಿಸಿತೆಂದೂ ಊರಿನಲ್ಲಿ ಹಿರಿಯರು ಹೇಳುತ್ತಿದ್ದಂತೆಯೇ ಹೇಳಿದರು. ಮೊಮ್ಮಗನು ಎದ್ದು ಮತ್ತೆ ವಿಗ್ರಹದ ಬಳಿಗೆ ಹೋದನು. ಅವನು ಹಗ್ಗವೆಂದುಕೊಂಡುದು ಈಗ ಬಳ್ಳಿಯಾಗಿ ಕಾಣುತ್ತಿತ್ತು.

ವಸ್ತುಸಂಗ್ರಹಾಲಯಕ್ಕೆ ಲೋಹ ಗೊತ್ತು, ಶೈಲಿ ಗೊತ್ತು, ಶತಮಾನ ಗೊತ್ತು. ಬಸದಿಯಲ್ಲಿ ಬೆಳೆದವರಿಗೆ ಕಥೆ ಗೊತ್ತು, ಅಭಿಷೇಕ ಗೊತ್ತು, ಎದುರಿಗೆ ಹೇಗೆ ನಿಲ್ಲಬೇಕೆಂಬುದು ಗೊತ್ತು. ಈ ಎರಡು ತಿಳಿವಳಿಕೆಗಳು ಅಪರೂಪಕ್ಕೆ ಒಂದೆಡೆ ಕೂಡಿದಾಗಲೇ ವಸ್ತು ಪೂರ್ಣವಾಗಿ ಮಾತನಾಡುತ್ತದೆ. ಆ ದಿನ ಮುಂಬಯಿಯಲ್ಲಿ ನಡೆದುದು ಅಂಥ ಒಂದು ಕೂಟ.

ಹೊರಗೆ ಬರುವಾಗ ಬಾಲಕನು ಇನ್ನೆರಡು ಪ್ರಶ್ನೆಗಳನ್ನು ಕೇಳಿದನು. ಮೊದಲನೆಯದು: "ಬೆಳಗೊಳದ ಸ್ವಾಮಿ ಇಲ್ಲಿಗೆ ಯಾಕೆ ಬಂದದ್ದು? ನಾವು ವಾಪಸ್ ಕೇಳಬಹುದಲ್ಲ?" ಎರಡನೆಯದು: "ನಮ್ಮ ಊರಿನ ಬಸದಿಯಲ್ಲಿರುವುದೆಲ್ಲ ಯಾವ ಕಾಲದ್ದು ಅಜ್ಜಿ? ಅಲ್ಲಿಯೂ ಹೀಗೆ ಬರೆದಿಟ್ಟಿದ್ದಾರಾ?" ಎರಡಕ್ಕೂ ಅಜ್ಜಿ ಉತ್ತರಿಸಲಿಲ್ಲ.

ಮೊದಲನೆಯ ಪ್ರಶ್ನೆ ಒಬ್ಬ ಬಾಲಕನದು ಮಾತ್ರವಲ್ಲ. ಲೋಕದ ಅನೇಕ ಜನಸಮುದಾಯಗಳು ಇಂದು ಅದನ್ನು ಕೇಳುತ್ತಿವೆ. ಜೈನ ಸಮಾಜಕ್ಕೂ ಅದು ಪರಕೀಯವಲ್ಲ. ಕರ್ನಾಟಕದ್ದೇ ಆದ, 6–7ನೆಯ ಶತಮಾನದ, ಕೇವಲ 11 ಸೆಂಟಿಮೀಟರ್ ಎತ್ತರದ ಬಾಹುಬಲಿಯ ಲೋಹಮೂರ್ತಿಯೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. 1994ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಪ್ರತಾಪಾದಿತ್ಯ ಪಾಲ್ ಅವರ ನೇತೃತ್ವದಲ್ಲಿ ಆರಂಭವಾದ ಜೈನ ಕಲೆಯ ಮಹಾಪ್ರದರ್ಶನ 1995ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯವನ್ನು ತಲಪಿತು. ಬ್ರಿಟಿಷ್ ಗ್ರಂಥಾಲಯದ ಜೈನ ಹಸ್ತಪ್ರತಿಗಳ ವಿವರಣಾತ್ಮಕ ಸೂಚಿ ಮೂರು ಸಂಪುಟಗಳಲ್ಲಿ 2006ರಲ್ಲಿ ಹೊರಬಂದಿತು. ನಳಿನಿ ಬಲಬೀರ್ ಮೊದಲಾದ ವಿದ್ವಾಂಸರ ಈ ದೀರ್ಘ ಪರಿಶ್ರಮಕ್ಕೆ ಅಲ್ಲಿನ ಜೈನ ಸಮಾಜದ ಇನ್‌ಸ್ಟಿಟ್ಯೂಟ್ ಆಫ್ ಜೈನಾಲಜಿ ಬೆಂಬಲವಾಗಿ ನಿಂತಿತು. ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ ಒಂದು ಶತಮಾನದಿಂದ ಇದ್ದ ಎರಡು ಸಾವಿರಕ್ಕೂ ಹೆಚ್ಚು ಜೈನ ಹಸ್ತಪ್ರತಿಗಳನ್ನು ಸಮಾಜಕ್ಕೆ ಒಪ್ಪಿಸುವ ನಿರ್ಧಾರ 2025ರಲ್ಲಿ ಪ್ರಕಟವಾಯಿತು. ಅವುಗಳಿಗೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜೈನ ಅಧ್ಯಯನ ಕೇಂದ್ರವನ್ನು ನೆಲೆಯಾಗಿ ಆರಿಸಲಾಯಿತು.

ಈ ಕೊನೆಯ ಸಂಗತಿಯಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಅಪರಿಗ್ರಹವನ್ನು ಮಹಾವ್ರತವಾಗಿಯೂ ಅಣುವ್ರತವಾಗಿಯೂ ಬೋಧಿಸುವ ಧರ್ಮದ ಅನುಯಾಯಿಗಳು "ಇದು ನಮ್ಮದು, ನಮಗೆ ಕೊಡಿ" ಎಂದು ಕೇಳುವುದು ಸಲ್ಲುವುದೇ? ವಸ್ತುವನ್ನು ವಶಪಡಿಸಿಕೊಳ್ಳುವ ಮೂರ್ಛೆ ಪರಿಗ್ರಹವೆಂದು ಆಚಾರ್ಯರು ಹೇಳಿದ್ದಾರೆ. ಆದರೆ ಅದೇ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವನ್ನೂ ಎಣಿಸಿದ್ದಾರೆ. ಕಳ್ಳರು ತಂದ ವಸ್ತುವನ್ನು ಕೊಳ್ಳುವುದೂ ಸ್ವೀಕರಿಸುವುದೂ ದೋಷವೇ. ಆದ್ದರಿಂದ ಅನ್ಯಾಯವಾಗಿ ಹೋದುದನ್ನು ನ್ಯಾಯವಾಗಿ ಕೇಳುವುದು ಲೋಭವಲ್ಲ. ತೆಗೆದುಕೊಂಡವನನ್ನು ದೋಷದಿಂದ ಬಿಡಿಸುವ ಉಪಕಾರವೂ ಅದರಲ್ಲಿದೆ. ಹಾಗೆಂದು ಸಂಗ್ರಹಾಲಯದಲ್ಲಿರುವುದೆಲ್ಲ ಕಳವಿನದೆಂದು ಭಾವಿಸುವುದು ಸತ್ಯವ್ರತಕ್ಕೆ ಸಲ್ಲದು. ದಾನವಾಗಿ, ಕ್ರಯವಾಗಿ, ಪಾಳುಬಿದ್ದ ನೆಲೆಗಳಿಂದ ರಕ್ಷಿತವಾಗಿ ಸೇರಿದವುಗಳೂ ಅಲ್ಲಿವೆ. ಯಾವುದು ಹೇಗೆ ಹೋಯಿತೆಂದು ನಿರ್ಣಯಿಸಲು ಬೇಕಾದುದು ದಾಖಲೆ. ದಾಖಲೆಯಿಲ್ಲದವನ ಹಕ್ಕು ಅಳಲಾಗಿಯೇ ಉಳಿಯುತ್ತದೆ.

ತಮಿಳುನಾಡಿನ ಶ್ರೀಪುರಂತಾನ್ ಗ್ರಾಮದ ದೇವಾಲಯದಿಂದ ಕಳವಾದ ನಟರಾಜನ ಕಂಚಿನ ಮೂರ್ತಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಯನ್ನು ಸೇರಿತ್ತು. 2014ರಲ್ಲಿ ಅದು ಭಾರತಕ್ಕೆ ಮರಳಿತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯು ಎಂದೋ ಅಧ್ಯಯನಕ್ಕಾಗಿ ತೆಗೆದಿಟ್ಟಿದ್ದ ಛಾಯಾಚಿತ್ರಗಳು ಆ ಮೂರ್ತಿ ಎಲ್ಲಿಯದೆಂಬುದಕ್ಕೆ ಸಾಕ್ಷಿಯಾದವು. ಆ ಚಿತ್ರಗಳಿಲ್ಲದಿದ್ದರೆ ಊರವರ ನೆನಪನ್ನು ಯಾವ ನ್ಯಾಯಾಲಯ ನಂಬುತ್ತಿತ್ತು?

ಮೊಮ್ಮಗನ ಮೊದಲನೆಯ ಪ್ರಶ್ನೆ ಹೀಗೆ ಎರಡನೆಯದಕ್ಕೇ ಬಂದು ನಿಲ್ಲುತ್ತದೆ: ಊರಿನ ಬಸದಿಯಲ್ಲಿ ಇರುವುದನ್ನು ಬರೆದಿಟ್ಟಿದ್ದಾರೆಯೆ?

ಅಜ್ಜಿ ಊರಿಗೆ ಮರಳಿದರು. ಮರುದಿನವೇ ಬಸದಿಗೆ ಹೋಗಿ ಗರ್ಭಗೃಹದ ಎದುರು ಕುಳಿತು ನೋಡತೊಡಗಿದರು. ಐವತ್ತು ವರ್ಷ ಕೈಮುಗಿದಿದ್ದ ಬಿಂಬಗಳೇ ಅವು. ಎಷ್ಟಿವೆ ಎಂದು ಯಾರಾದರೂ ಕೇಳಿದ್ದರೆ ಅವರಿಗೆ ಹೇಳಲಾಗುತ್ತಿರಲಿಲ್ಲ. ಪೂಜೆ ಮಾಡುವ ಇಂದ್ರರನ್ನು ಕೇಳಿದಾಗ, "ತಂದೆಯವರ ಕಾಲದಿಂದ ಇದ್ದದ್ದು ಅಮ್ಮ, ಲೆಕ್ಕ ಇಟ್ಟವರಿಲ್ಲ" ಎಂದರು. ಹಳೆಯ ಮೊಕ್ತೇಸರರ ಮನೆಯಲ್ಲಿ ಒಂದು ಪುಸ್ತಕವಿತ್ತಂತೆ. ಗೆದ್ದಲು ಹಿಡಿದು ಹೋಯಿತಂತೆ.

ಅನಂತರ ಅವರ ದೃಷ್ಟಿ ಕಂಚಿನ ದೊಡ್ಡ ಕಾಲುದೀಪದ ಮೇಲೆ ಬಿದ್ದಿತು. ಅದರ ಪೀಠದ ಅಂಚಿನಲ್ಲಿ ಅಕ್ಷರಗಳಿದ್ದುದು ಅವರಿಗೆ ನೆನಪಿತ್ತು. ಮದುವೆಯಾಗಿ ಬಂದ ವರ್ಷ ದೀಪವನ್ನು ಬೆಳಗುವಾಗ ಬೆರಳ ತುದಿಗೆ ಆ ಅಕ್ಷರಗಳು ತೊಡರುತ್ತಿದ್ದವು. ಈಗ ಬೆರಳಾಡಿಸಿದರೆ ಅಂಚು ನುಣುಪಾಗಿತ್ತು. ಪ್ರತಿ ರಥೋತ್ಸವಕ್ಕೆ ಮುನ್ನ, ಪ್ರತಿ ಪರ್ವಕ್ಕೆ ಮುನ್ನ, ಹುಣಸೆಹುಳಿ ಮತ್ತು ಬೂದಿ ಹಾಕಿ ತೆಂಗಿನ ನಾರಿನಿಂದ ಆ ದೀಪವನ್ನು ತಿಕ್ಕಿ ಹೊಳೆಯಿಸಿದವರು ಬೇರೆ ಯಾರೂ ಅಲ್ಲ, ಅವರೇ. ನಲವತ್ತು ವರ್ಷಗಳ ಸೇವೆ. ಆ ಸೇವೆಯನ್ನು ಊರೆಲ್ಲ ಮೆಚ್ಚಿತ್ತು.

ಕಾಲೇಜಿನಲ್ಲಿ ಕನ್ನಡ ಕಲಿಸುವ ಸಂಬಂಧಿಕರೊಬ್ಬರನ್ನು ಕರೆಯಿಸಿದರು. ಅವರು ದೀಪವನ್ನು ಕಿಟಕಿಯ ಬಳಿಗೆ ತಂದು, ಓರೆಬೆಳಕಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಹೆಸರಿದ್ದಿರಬಹುದಾದ ಕಡೆ ಅಕ್ಷರಗಳು ಪೂರ್ಣವಾಗಿ ಸವೆದಿದ್ದವು. ಕೊನೆಯಲ್ಲಿ "ದೇವಿ ಮಾಡಿಸಿದ" ಎಂಬಷ್ಟು ಮಾತ್ರ ಓದಲು ಬಂದಿತು.

ಯಾವ ದೇವಿ? ಯಾವ ಊರಿನ, ಯಾವ ಮನೆಯ ಮಗಳು? ಯಾವ ವ್ರತದ ಉದ್ಯಾಪನೆಗೆ, ಯಾರ ನೆನಪಿಗೆ ಆ ದೀಪವನ್ನು ಮಾಡಿಸಿದಳು? ಇನ್ನು ತಿಳಿಯುವ ಮಾರ್ಗವಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ದೂರದ ಬೊಂಬಾಯಿಯಲ್ಲಿ ಗಾಜಿನೊಳಗೆ ಇಟ್ಟವರು ಸಾವಿರ ವರ್ಷದ ಬಳ್ಳಿಯ ಎಲೆಯನ್ನು ಕೂಡ ಉಳಿಸಿದ್ದಾರೆ. ನಾನು ಮನೆಯ ದೀಪದ ಹೆಸರನ್ನು ನನ್ನ ಕೈಯಿಂದಲೇ ತಿಕ್ಕಿ ಕಳೆದೆನಲ್ಲ" ಎಂದರು. ತಿಳಿದು ಮಾಡಿದ ತಪ್ಪಲ್ಲ ಅದು. ಆದರೆ ಪ್ರಮಾದವೂ ದೋಷವೆಂದೇ ಜಿನಶಾಸನ ಹೇಳುತ್ತದೆ. ಪ್ರತಿಕ್ರಮಣವಿರುವುದು ಅದಕ್ಕಾಗಿಯೇ.

ಆ ವೃದ್ಧೆಯ ಪ್ರತಿಕ್ರಮಣ ಬಸದಿಯ ಆಡಳಿತ ಮಂಡಳಿಯ ಸಭೆಯ ರೂಪವನ್ನು ತಾಳಿತು. ಅವರ ಕೋರಿಕೆ ಸರಳವಾಗಿತ್ತು: ಬಸದಿಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ಒಂದು ಪುಸ್ತಕದಲ್ಲಿ ಬರೆಯಬೇಕು, ಪ್ರತಿಯೊಂದರ ಚಿತ್ರ ತೆಗೆಯಬೇಕು.

ಆಕ್ಷೇಪಗಳು ಬಂದವು. ಪಟ್ಟಿ ಮಾಡಿದರೆ ಕಳ್ಳರಿಗೆ ದಾರಿ ತೋರಿಸಿದಂತಾಗುವುದೆಂದು ಒಬ್ಬರು ಹೇಳಿದರು. 2013ರ ಜುಲೈಯಲ್ಲಿ ಮೂಡುಬಿದಿರೆಯಲ್ಲಿ ಅಮೂಲ್ಯ ಜಿನಬಿಂಬಗಳ ಕಳವು ನಡೆದ ನೋವು ಎಲ್ಲರ ಮನಸ್ಸಿನಲ್ಲಿಯೂ ಇತ್ತು. ಆದರೆ ಕಳ್ಳನು ಪುಸ್ತಕವನ್ನು ಓದಿ ಬರುವುದಿಲ್ಲ. ಕಳವಾದ ಮೇಲೆ ವಸ್ತುವನ್ನು ಹುಡುಕುವವರು, ಸಿಕ್ಕಿದ ಮೇಲೆ ಅದನ್ನು ಗುರುತಿಸುವವರು ಪುಸ್ತಕವನ್ನು ಕೇಳುತ್ತಾರೆ. ಸರಕಾರಕ್ಕೆ ತಿಳಿದರೆ ಎಲ್ಲವನ್ನೂ ಒಯ್ಯುವುದೆಂದು ಇನ್ನೊಬ್ಬರು ಹೆದರಿದರು. 1972ರ ಪ್ರಾಚೀನ ವಸ್ತುಗಳ ಮತ್ತು ಕಲಾನಿಧಿಗಳ ಅಧಿನಿಯಮ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ಮೀರಿದ ಶಿಲಾ ಹಾಗೂ ಲೋಹ ವಿಗ್ರಹಗಳು ಯಾರ ವಶದಲ್ಲಿವೆಯೋ ಅವರು ಅವುಗಳನ್ನು ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕೆಂದು ಅದು ವಿಧಿಸುತ್ತದೆ. ನೋಂದಾಯಿಸಿದ ಮಾತ್ರಕ್ಕೆ ಒಡೆತನ ಕೈತಪ್ಪುವುದಿಲ್ಲ. ಛಾಯಾಚಿತ್ರ ಸಹಿತವಾದ ಆ ದಾಖಲೆ ಒಡೆತನಕ್ಕೆ ಆಧಾರವೇ ಆಗುತ್ತದೆ.

ಮೂರನೆಯ ಆಕ್ಷೇಪ ಹಿರಿಯರೊಬ್ಬರಿಂದ ಬಂದಿತು; ಅದರಲ್ಲಿ ತೂಕವಿತ್ತು. "ಪುದ್ಗಲ ಪುದ್ಗಲವೇ ಅಮ್ಮ. ಇಂದು ಇರುತ್ತದೆ, ನಾಳೆ ಹೋಗುತ್ತದೆ. ಚಕ್ರವರ್ತಿ ಭರತನು ವೃಷಭಾಚಲದ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋದಾಗ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೆಲ್ಲ ತುಂಬಿತ್ತು. ಒಂದನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಯಿತು. ಹೆಸರಿನ ಮೋಹ ನಮಗೇಕೆ?" ಎಂದು ಅವರು ಕೇಳಿದರು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಣ್ಣ, ನನ್ನ ಹೆಸರು ಬರೆಯಿರಿ ಎಂದು ನಾನು ಹೇಳುವುದಿಲ್ಲ. ಕೊಟ್ಟವರ ಹೆಸರನ್ನು ಅಳಿಸುವ ಹಕ್ಕು ನನಗೆ ಇರಲಿಲ್ಲ ಎಂದು ಮಾತ್ರ ಹೇಳುತ್ತೇನೆ. ಧರಸೇನಾಚಾರ್ಯರಿಗೂ ಎಲ್ಲ ಅನಿತ್ಯ ಎಂದು ಗೊತ್ತಿತ್ತಲ್ಲ? ಆದರೂ ಇಬ್ಬರು ಶಿಷ್ಯರನ್ನು ಕರೆಯಿಸಿ ಕಲಿಸಿದರಲ್ಲ?"

ಆ ಮಾತಿಗೆ ಸಭೆ ತಲೆದೂಗಿತು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನರು ಶ್ರುತಜ್ಞಾನ ತಮ್ಮೊಂದಿಗೆ ಲೋಪವಾದೀತೆಂದು ಚಿಂತಿಸಿ ಪುಷ್ಪದಂತ ಭೂತಬಲಿಗಳಿಗೆ ಅದನ್ನು ಉಪದೇಶಿಸಿದರು. ಷಟ್ಖಂಡಾಗಮ ಲಿಪಿಬದ್ಧವಾಗಿ ಜ್ಯೇಷ್ಠ ಶುಕ್ಲ ಪಂಚಮಿಯಂದು ಪೂಜೆಗೊಂಡಿತು. ಅದರ ನೆನಪಿಗಾಗಿಯೇ ಶ್ರುತಪಂಚಮಿಯ ಆಚರಣೆ. ಆ ಸಿದ್ಧಾಂತ ಗ್ರಂಥಗಳು ಶತಮಾನಗಳ ಕಾಲ ಉಳಿದುಬಂದುದು ಮೂಡುಬಿದಿರೆಯ ತಾಳೆಗರಿಗಳಲ್ಲಿ. ಆ ಗರಿಗಳಲ್ಲಿ ಮಹಾಬಂಧದ ಪ್ರತಿಯನ್ನು ಬರೆಯಿಸಿ ಶ್ರೀಪಂಚಮಿ ವ್ರತದ ಉದ್ಯಾಪನೆಗೆ ಮಾಘನಂದಿ ಮುನಿಗಳಿಗೆ ದಾನವಿತ್ತವಳು ಮಲ್ಲಿಕಾದೇವಿ ಎಂಬ ಶ್ರಾವಿಕೆ. ಅವಳ ಹೆಸರು ಪ್ರಶಸ್ತಿಯಲ್ಲಿ ಬರೆದಿದ್ದರಿಂದ ಉಳಿಯಿತು. ದೀಪವನ್ನು ಮಾಡಿಸಿದ ದೇವಿಯೂ ಅಂಥವಳೇ. ಅವಳ ಹೆಸರು ಉಳಿಯಲಿಲ್ಲ. ಉಳಿಸುವುದು ಹೆಸರಿನ ಮೋಹವಲ್ಲ, ಪೂರ್ವದ ದಾನಿಗಳಿಗೆ ಸಲ್ಲಬೇಕಾದ ವಿನಯ.

ಆ ವರ್ಷದ ಶ್ರುತಪಂಚಮಿಯಂದು ಶಾಸ್ತ್ರಪೂಜೆಯಾದ ಮೇಲೆ ಪುಸ್ತಕದ ಮೊದಲ ಪುಟವನ್ನು ಬರೆದರು. ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ, ಲೋಹ ಅಥವಾ ಶಿಲೆ, ಎತ್ತರ, ತೂಕ, ಲಾಂಛನ, ಮುರಿದ ಅಥವಾ ಸವೆದ ಗುರುತುಗಳು, ಬರಹವಿದ್ದರೆ ಅದರ ಪಾಠ, ಮುಂಭಾಗ ಹಿಂಭಾಗಗಳ ಎರಡು ಚಿತ್ರಗಳು. ಇಷ್ಟು ಯಾವ ಸಂಗ್ರಹಾಲಯವೂ ಬರೆಯುತ್ತದೆ. ಅಜ್ಜಿಯ ಒತ್ತಾಯದಿಂದ ಇನ್ನೊಂದು ಅಂಕಣ ಸೇರಿತು: ಯಾವ ಪರ್ವದಲ್ಲಿ ಇದರ ಬಳಕೆ, ಇದನ್ನು ಕುರಿತು ಊರಿನಲ್ಲಿ ಹೇಳುವ ಮಾತೇನು, ಹೇಳಿದವರು ಯಾರು. ಬಿಂಬಗಳನ್ನು ಅಳೆಯುವ, ಎತ್ತುವ ಕೆಲಸವನ್ನು ಇಂದ್ರರೇ ಶುದ್ಧಿಯಿಂದ ಮಾಡಿದರು. ಪುಸ್ತಕದ ಮೂರು ಪ್ರತಿಗಳನ್ನು ಬೇರೆ ಬೇರೆ ಮೂರು ಕಡೆ ಇಟ್ಟರು.

ಹುಳಿ ಮತ್ತು ಬೂದಿಯ ಬಳಕೆಯೂ ನಿಂತಿತು. ಹಳೆಯ ಕಂಚಿನ ಮೇಲೆ ಕಟ್ಟುವ ಕಪ್ಪು ಅಥವಾ ಹಸಿರು ಪದರ ಅನೇಕ ವೇಳೆ ಕೊಳೆಯಲ್ಲ. ಕಾಲಕ್ರಮದಲ್ಲಿ ಲೋಹಕ್ಕೆ ಬಂದ ರಕ್ಷೆ. ಅದನ್ನು ತಿಕ್ಕಿದಾಗಲೆಲ್ಲ ಲೋಹವೇ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ, ಅದರೊಂದಿಗೆ ಅಕ್ಷರವೂ. ಈಗ ಆ ಬಸದಿಯಲ್ಲಿ ಬರಹವಿರುವ ವಸ್ತುಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾರೆ. ಹೊಳಪು ಕಡಿಮೆಯಾಯಿತೆಂದು ಕೆಲವರಿಗೆ ಬೇಸರವಿದೆ.

ದೀಪಾವಳಿಯ ರಜೆಗೆ ಮೊಮ್ಮಗನು ಊರಿಗೆ ಬಂದನು. ಮಹಾವೀರ ಸ್ವಾಮಿಯ ನಿರ್ವಾಣೋತ್ಸವದ ಮುಂಜಾನೆ ಕಾಲುದೀಪವನ್ನು ಹಚ್ಚಿದಾಗ ಅಜ್ಜಿ ಪುಸ್ತಕವನ್ನು ಅವನ ಕೈಗೆ ಕೊಟ್ಟು ಆ ದೀಪದ ಪುಟವನ್ನು ಓದಿಸಿದರು. ದಾನಿಯ ಅಂಕಣದಲ್ಲಿ "…ದೇವಿ. ಹೆಸರಿನ ಉಳಿದ ಭಾಗ ತಿಕ್ಕಿ ಬೆಳಗಿದುದರಿಂದ ಸವೆದಿದೆ" ಎಂದು ಬರೆದಿತ್ತು. ತಮ್ಮ ಲೋಪವನ್ನೂ ಮರೆಮಾಚದೆ ಬರೆಯಬೇಕೆಂದು ಹೇಳಿದವರು ಅಜ್ಜಿಯೇ.

ಮುಂಬಯಿಯ ಬಾಹುಬಲಿ ಮುಂಬಯಿಯಲ್ಲಿಯೇ ಇದ್ದಾನೆ. ಆ ದಾರಿಯಲ್ಲಿ ಹೋಗುವ ಜೈನ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೋಗಿ ಅವನೆದುರು ಒಂದು ಗಳಿಗೆ ನಿಂತು ಕಥೆಯನ್ನು ಹೇಳಿದರೆ ಆ ಗಾಜು ತೆಳುವಾಗುತ್ತದೆ. ಆದರೆ ಮನೆಯ ಸಮೀಪದ ಬಸದಿಗಳಲ್ಲಿ ಗಾಜಿಲ್ಲದೆಯೂ ಕಾಣದೆ ಉಳಿದಿರುವುದು ಇನ್ನೆಷ್ಟೋ ಇದೆ. ಧರ್ಮದರ್ಶಿಗಳೂ ಆಡಳಿತ ಮಂಡಳಿಗಳೂ ಬರುವ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳ ಪಕ್ಕದಲ್ಲಿ ಬರೆಯದ ಒಂದು ಪುಸ್ತಕವನ್ನೂ ಇಟ್ಟು ಪೂಜಿಸಿ, ಅಂದೇ ಅದರ ಮೊದಲ ಪುಟವನ್ನು ಬರೆಯಲಿ. ಹುಡುಗನೊಬ್ಬನು ಬಂದು ಕೇಳಿದಾಗ ತೋರಿಸಲು ಅದು ಇರಬೇಕು.